ಭಾವನ ಮೇಲೆ 9 ಲಕ್ಷದ ದಾವೆ ಬಿದ್ದಿದೆ. ‘ಎಲ್ಲಾ ಸುಳ್ಳು’ ಅಂತ ತಕರಾರು ಹಾಕಬೇಕಾ?

ಪೇಟೆಹುಡುಗ

ಎಲ್ಲರಿಗೂ ನಮಸ್ಕಾರ. ವಿಷಯ ನನ್ನದಲ್ಲ, ಅಕ್ಕನ ಗಂಡನದು. ಕಾಟನ್‌ಪೇಟೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. 2021ರ ಮಾರ್ಚ್‌ನಲ್ಲಿ ಆರ್ಡರ್‌ಗಳೇ ಇಲ್ಲದಾಗ ಪರಿಚಯದವರೊಬ್ಬರ ಹತ್ತಿರ 6 ಲಕ್ಷ ಸಾಲ ಮಾಡಿದರು. 4 ಲಕ್ಷ ಬ್ಯಾಂಕ್ ಮೂಲಕ ಬಂತು, 2 ಲಕ್ಷ ನಗದು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಬರೀ ಬಾಯಿಮಾತು. ಭದ್ರತೆಗೆ ಅಂತ ಸಹಿ ಹಾಕಿದ ಖಾಲಿ ಪ್ರೋನೋಟು (ಸಾಲ ತೀರಿಸುತ್ತೇನೆ ಅಂತ ಬರೆದುಕೊಡುವ ಪತ್ರ) ಒಂದು, ಖಾಲಿ ಚೆಕ್ ಎರಡು ಕೊಟ್ಟಿದ್ದಾರೆ.

2021ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ತಿಂಗಳಿಗೆ 12,000ದಂತೆ ಸಾಲ ಕೊಟ್ಟವರ ಹೆಂಡತಿಯ ಖಾತೆಗೆ ಹಾಕಿದ್ದಾರೆ. ಒಟ್ಟು 2,40,000. ಆಮೇಲೆ ಕೊಡೋಕೆ ಆಗಲಿಲ್ಲ, ನಿಂತುಹೋಯಿತು.

2025ರ ಜುಲೈನಲ್ಲಿ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ್ದಾರೆ. ಅದರಲ್ಲಿ ಕಥೆಯೇ ಬೇರೆ. 2022ರ ಆಗಸ್ಟ್‌ನಲ್ಲಿ ಭಾವ 9 ಲಕ್ಷ ನಗದು ಕೈಸಾಲ ತೆಗೆದುಕೊಂಡರಂತೆ, ಅದೇ ದಿನ ಪ್ರೋನೋಟು ಬರೆದುಕೊಟ್ಟರಂತೆ, ಬಡ್ಡಿ 24 ಪರ್ಸೆಂಟ್ ಅಂತೆ. 2021ರ ಸಾಲದ ಸೊಲ್ಲೇ ಇಲ್ಲ. ಮೇ ತಿಂಗಳಲ್ಲಿ ವಕೀಲರ ನೋಟಿಸ್ ಬಂದಿತ್ತು, ಭಾವ ಉತ್ತರ ಕೊಡಲಿಲ್ಲ.

ಒಬ್ಬ ವಕೀಲರು ‘ಸಹಿಯೇ ನನ್ನದಲ್ಲ, ಆ ಮನುಷ್ಯನೇ ಗೊತ್ತಿಲ್ಲ ಅಂತ ಹಾಕೋಣ’ ಅಂದರು. ಇನ್ನೊಬ್ಬರು ‘ನಡೆದದ್ದು ನಡೆದ ಹಾಗೆ ಹೇಳಿ’ ಅಂದರು. ಮನೆಯಲ್ಲಿ ಎರಡು ಪಕ್ಷ ಆಗಿದೆ. ಗೊತ್ತಿದ್ದವರು ಹೇಳಿ.

ರಾತ್ರಿಪಾಳಿ

ಸಮನ್ಸ್ ಕೈಗೆ ಬಂದ ದಿನ ಯಾವುದು? ಮೊದಲು ಅದನ್ನು ಹೇಳಿ. ಮಿಕ್ಕಿದ್ದೆಲ್ಲ ಆಮೇಲೆ.

ಪೇಟೆಹುಡುಗ

ಕಳೆದ ತಿಂಗಳ ಕೊನೆಯ ವಾರ, ಕೋರ್ಟಿನ ಅಮೀನರು ಬಂದು ಪ್ರೆಸ್‌ನಲ್ಲೇ ಕೊಟ್ಟುಹೋದರು.

ಬಸವನಗುಡಿ ಬೆಂಚು

ಎಲ್ಲಾ ಅಲ್ಲಗಳೆಯಿರಿ. ಸಾಬೀತು ಮಾಡುವ ಹೊಣೆ ವಾದಿಯದು, ನೀವ್ಯಾಕೆ ಬಾಯಿ ಬಿಡುತ್ತೀರಿ? ನಮ್ಮ ಚಿಕ್ಕಪ್ಪ ಹೀಗೇ ವರ್ಷಗಟ್ಟಲೆ ಎಳೆದರು. ವಾಯಿದೆ ಮೇಲೆ ವಾಯಿದೆ. ಕೊನೆಗೆ ಎದುರಿನವನೇ ಸುಸ್ತಾಗಿ ಅರ್ಧ ದುಡ್ಡಿಗೆ ರಾಜಿಗೆ ಬಂದ.

ಮಲ್ಲೇಶ್ವರದ ವಕೀಲಮ್ಮ

ಬೆಂಚು ಅವರೇ, ಈ ಸಲಹೆ ಕೇಳಿ ಮುಳುಗಿದವರ ಫೈಲ್‌ಗಳು ನನ್ನ ಆಫೀಸಿನಲ್ಲಿ ಒಂದು ಬೀರು ತುಂಬಾ ಇವೆ.

ಪ್ರೋನೋಟಿನ ಮೇಲೆ ಸಹಿ ಇದ್ದರೆ, ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 118ನೇ ಕಲಂ ಪ್ರಕಾರ ಹಣ ಕೊಟ್ಟೇ ಬರೆಸಿಕೊಂಡಿದ್ದಾರೆ ಅಂತ ಕೋರ್ಟ್ ಮೊದಲಿಗೆ ಅಂದುಕೊಳ್ಳುತ್ತದೆ. ಅದರ ಮೇಲಿರುವ ತಾರೀಖೇ ನಿಜವಾದ ತಾರೀಖು ಅಂತಲೂ ಅಂದುಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಕೆಲಸ ಪ್ರತಿವಾದಿಯದು. ‘ಖಾಲಿ ಇತ್ತು, ಅವರೇ ತುಂಬಿಕೊಂಡರು’ ಅಂದ ಮಾತ್ರಕ್ಕೆ ನೋಟು ಬೀಳುವುದಿಲ್ಲ. ಸ್ಟಾಂಪು ಅಂಟಿಸಿ ಸಹಿ ಮಾಡಿದ ಖಾಲಿ ನೋಟು ಕೊಟ್ಟರೆ, ತುಂಬಿಕೊಳ್ಳುವ ಅಧಿಕಾರವನ್ನೂ ಕೊಟ್ಟ ಹಾಗೆ ಅಂತ 20ನೇ ಕಲಂ ಹೇಳುತ್ತದೆ.

ಇನ್ನು ‘ಸಹಿಯೇ ನನ್ನದಲ್ಲ’ ಅನ್ನುವ ತಕರಾರು. ಬ್ಯಾಂಕಿನಲ್ಲಿ ಮಾದರಿ ಸಹಿ ಇದೆ, ಚೆಕ್ಕುಗಳಲ್ಲಿದೆ, ಜಿಎಸ್‌ಟಿ ಕಾಗದಗಳಲ್ಲಿದೆ. ಕೈಬರಹ ತಜ್ಞರು ‘ಇದೇ ಸಹಿ’ ಅಂದುಬಿಟ್ಟರೆ ನಿಮ್ಮ ಮಿಕ್ಕ ನಿಜವೂ ಸುಳ್ಳಾಗುತ್ತದೆ. ಆಮೇಲೆ 9 ಅಲ್ಲ 6 ಅಂತ ಹೇಳೋಕೆ ಬಾಯಿ ಎಲ್ಲಿರುತ್ತದೆ? ‘ಆ ಮನುಷ್ಯನೇ ಗೊತ್ತಿಲ್ಲ’ ಅಂದವರು ಅವರ ಹೆಂಡತಿಯ ಖಾತೆಗೆ ದುಡ್ಡು ಹಾಕಿದ್ದು ಯಾಕೆ ಅಂತ ಪಾಟಿ ಸವಾಲಿನಲ್ಲಿ ಕೇಳಿದರೆ ಏನು ಹೇಳುತ್ತೀರಿ?

ಬಸವನಗುಡಿ ಬೆಂಚು

ಮೇಡಂ, ಪುಸ್ತಕದ ಕಾನೂನು ಬೇರೆ, ಕೆ.ಜಿ. ರಸ್ತೆಯ ಕೋರ್ಟಿನ ಕಾನೂನು ಬೇರೆ. ಎಳೆದವನೇ ಗೆಲ್ಲುವುದು.

ಹಳೇ ಗುಮಾಸ್ತ

ಎಳೆದವನು ಗೆಲ್ಲುತ್ತಾನೆ, ಸರಿ. ಮೀಟರ್ ಓಡುತ್ತಿರುತ್ತದೆ ಸ್ವಾಮಿ. ದಾವೆ ನಡೆದಷ್ಟು ದಿನದ ಬಡ್ಡಿಯನ್ನೂ ಕೋರ್ಟ್ ಹಾಕಬಹುದು, ಸಿವಿಲ್ ಪ್ರಕ್ರಿಯಾ ಸಂಹಿತೆ 34ನೇ ಕಲಂ. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆದಮೇಲೆ ವ್ಯಾಪಾರದ ಸಾಲ ಅಲ್ಲದಿದ್ದರೆ ವರ್ಷಕ್ಕೆ 6 ಪರ್ಸೆಂಟ್ ಮೀರುವ ಹಾಗಿಲ್ಲ. ವ್ಯಾಪಾರದ ಸಾಲಕ್ಕೆ ಆ ಮಿತಿ ಇಲ್ಲ. ಭಾವ ಪ್ರೆಸ್‌ಗೆ ಅಂತ ತಗೊಂಡಿದ್ದಾರೆ ಅಲ್ವಾ? ಯೋಚನೆ ಮಾಡಿ.

ಹಿರಿಯರು ಹೇಳುತ್ತಿದ್ದರು, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ. ನಾನು ವಕೀಲರ ಬಳಿ ಗುಮಾಸ್ತನಾಗಿದ್ದ ಕಾಲದಲ್ಲಿ ಅದನ್ನು ದಿನಾ ನೋಡಿದ್ದೇನೆ.

ಕೊಟ್ಟು ಕೆಟ್ಟವ

ಭೇಷ್. ಸಾಲ ತಗೊಂಡು ಮುಳುಗಿಸುವುದು ಹೇಗೆ ಅಂತ ಒಬ್ಬರಿಗಿಂತ ಒಬ್ಬರು ಪಾಠ ಹೇಳುತ್ತಿದ್ದೀರಿ. ನಾನು ಸ್ನೇಹಿತನಿಗೆ ಮಗಳ ಮದುವೆ ಅಂತ ಕೈಗಡ ಕೊಟ್ಟೆ. ಕೋರ್ಟಿಗೆ ಹೋದರೆ ‘ಸಹಿ ನನ್ನದಲ್ಲ’ ಅಂತಲೇ ತಕರಾರು ಹಾಕಿದ. ಒಂದೇ ಬೆಂಚಿನಲ್ಲಿ ಕೂತು ಓದಿದವನು. ದುಡ್ಡು ಹೋದದ್ದಕ್ಕಿಂತ ಆ ಸಾಲು ಓದಿದ್ದು ಜಾಸ್ತಿ ನೋವಾಯಿತು.

ಪೇಟೆಹುಡುಗ

ಕೊಟ್ಟು ಕೆಟ್ಟವ ಸಾರ್, ಭಾವ ಕೊಡಬೇಕಾಗಿರುವುದನ್ನು ಇಲ್ಲ ಅನ್ನುತ್ತಿಲ್ಲ. 6ರಲ್ಲಿ 2.4 ಕೊಟ್ಟಾಗಿದೆ, 3.6 ಬಾಕಿ ಅಂತ ಅವರೇ ಹೇಳುತ್ತಾರೆ. ಜಗಳ ಇರುವುದು 9 ಲಕ್ಷದ ಮೇಲೆ.

ನಾಗರಬಾವಿ ನಾಣಿ

ಸುಮ್ನೆ ಪ್ರೆಸ್ ಮೆಷಿನ್, ಸೈಟು ಏನಿದೆಯೋ ಎಲ್ಲಾ ಅಕ್ಕನ ಹೆಸರಿಗೆ ಮಾಡಿಬಿಡಿ. ಡಿಕ್ರಿ ಆದರೂ ಏನೂ ಸಿಗಲ್ಲ.

ಮಲ್ಲೇಶ್ವರದ ವಕೀಲಮ್ಮ

ದಯವಿಟ್ಟು ಬೇಡ. ದಾವೆ ನಡೆಯುವಾಗ ಆಸ್ತಿ ಸಾಗಿಸುತ್ತಿದ್ದಾರೆ ಅಂತ ಗೊತ್ತಾದರೆ ತೀರ್ಪಿಗೆ ಮುಂಚೆಯೇ ಜಪ್ತಿಗೆ ಅರ್ಜಿ ಹಾಕುತ್ತಾರೆ, ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 38 ರೂಲ್ 5. ಸಾಲಗಾರರಿಗೆ ಮೋಸ ಮಾಡಲು ಬರೆದ ದಾನಪತ್ರವನ್ನು ಕೋರ್ಟ್ ರದ್ದು ಮಾಡಬಹುದು. ಸುಮ್ಮನಿದ್ದ ಅಕ್ಕನನ್ನೂ ಕೇಸಿಗೆ ಎಳೆದ ಹಾಗಾಗುತ್ತದೆ.

ರಾತ್ರಿಪಾಳಿ

ಮೇಡಂ, ಮೂವತ್ತು ದಿನದ ಒಳಗೆ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿಯ ಉತ್ತರ) ಹಾಕಬೇಕು, ಇಲ್ಲದಿದ್ದರೆ ಮುಗಿಯಿತು ಅಂತಾರಲ್ಲ, ನಿಜವಾ?

ಮಲ್ಲೇಶ್ವರದ ವಕೀಲಮ್ಮ

ಸಮನ್ಸ್ ತಲುಪಿದ ದಿನದಿಂದ 30 ದಿನ. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಕೊಡಬಹುದು. ಸಾಮಾನ್ಯ ದಾವೆಗಳಲ್ಲಿ ಅದೂ ಕಲ್ಲಿನ ಗೆರೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆದರೆ ಕಮರ್ಷಿಯಲ್ ಕೋರ್ಟಿನ ದಾವೆ ಆದರೆ 120 ದಿನ ಆದಮೇಲೆ ಬಾಗಿಲು ಪೂರ್ತಿ ಮುಚ್ಚುತ್ತದೆ, ಯಾರು ಏನು ಕಾರಣ ಹೇಳಿದರೂ ಅಷ್ಟೇ.

ಅದಕ್ಕಿಂತ ಮುಖ್ಯ: ಸಮನ್ಸ್ ಮೇಲೆ ‘ಆರ್ಡರ್ 37’ ಅಂತ ಇದೆಯಾ ನೋಡಿ. ಪ್ರೋನೋಟಿನ ದಾವೆಗಳನ್ನು ಕೆಲವರು ಆ ದಾರಿಯಲ್ಲಿ ಹಾಕುತ್ತಾರೆ. ಅದಾದರೆ 10 ದಿನದಲ್ಲಿ ಹಾಜರಾಗಬೇಕು. ಆಮೇಲೆ ವಾದಿ ಇನ್ನೊಂದು ಸಮನ್ಸ್ ಕಳಿಸುತ್ತಾರೆ, ಅದು ಬಂದ 10 ದಿನದಲ್ಲಿ ‘ನನಗೆ ವಾದ ಮಾಡಲು ಅನುಮತಿ ಕೊಡಿ’ ಅಂತ ಅರ್ಜಿ ಹಾಕಬೇಕು. ಅನುಮತಿ ಸಿಗದಿದ್ದರೆ ಸಾಕ್ಷಿ ವಿಚಾರಣೆಯೇ ಇಲ್ಲದೆ ಡಿಕ್ರಿ.

ಪೇಟೆಹುಡುಗ

ನೋಡಿದೆ. 37 ಅಂತ ಎಲ್ಲೂ ಇಲ್ಲ. ಬರೀ ಮಾಮೂಲಿ ದಾವೆಯ ಓ.ಎಸ್. ನಂಬರ್ ಇದೆ.

ಸಿಲ್ಕ್ ಬೋರ್ಡ್ ಸಂತ್ರಸ್ತ

ಸಮನ್ಸ್ ಸಿಕ್ಕಿದ್ದೇ ಪುಣ್ಯ ಅಂದುಕೊಳ್ಳಿ. ನಮ್ಮ ಅತ್ತಿಗೆ ಮನೆ ಬದಲಾಯಿಸಿದ್ದರು. ಹಳೇ ಮನೆ ಬಾಗಿಲಿಗೆ ಅಂಟಿಸಿ ಹೋದರು, ಕೇಸ್ ಏಕಪಕ್ಷೀಯವಾಗಿ ಡಿಕ್ರಿ ಆಯಿತು. ಸಂಬಳಕ್ಕೆ ಜಪ್ತಿ ಆದೇಶ ಬಂದಾಗಲೇ ಗೊತ್ತಾಗಿದ್ದು. ಆಫೀಸಿನ ಎಚ್‌ಆರ್ ಕರೆದು ಕೇಳಿದಾಗ ಅವರ ಮುಖ ನೋಡಬೇಕಿತ್ತು.

ಹಳೇ ಗುಮಾಸ್ತ

ಅದಕ್ಕೆ ಆರ್ಡರ್ 9 ರೂಲ್ 13 ಇದೆ. ಸಮನ್ಸ್ ಸರಿಯಾಗಿ ತಲುಪಿಲ್ಲ ಅಂತ ತೋರಿಸಿದರೆ ಡಿಕ್ರಿ ತೆಗೆಸಬಹುದು. ವಿಷಯ ಗೊತ್ತಾದ 30 ದಿನದಲ್ಲಿ ಅರ್ಜಿ ಬೀಳಬೇಕು. ಅತ್ತಿಗೆಯವರು ಹಾಕಿದರಾ?

ಸಿಲ್ಕ್ ಬೋರ್ಡ್ ಸಂತ್ರಸ್ತ

ಹಾಕಿದರು, ತೆಗೆಸಿದರು. ಈಗ ಮೊದಲಿನಿಂದ ಶುರು.

ಲೆಕ್ಕದ ಪುಸ್ತಕ

ನಾನು ವಕೀಲ ಅಲ್ಲ, ಅಕೌಂಟ್ಸ್ ಕೆಲಸ. ಒಂದು ಲೆಕ್ಕ ಹಾಕಿ ನೋಡಿದೆ, ಯಾರೂ ಗಮನಿಸಲಿಲ್ಲ ಅನಿಸುತ್ತದೆ.

ತಿಂಗಳಿಗೆ 12,000. ನೂರಕ್ಕೆ ಎರಡರಂತೆ 12,000 ಬಡ್ಡಿ ಬರಬೇಕಾದರೆ ಅಸಲು ಎಷ್ಟು? ಸರಿಯಾಗಿ 6 ಲಕ್ಷ. ಒಂದು ರೂಪಾಯಿ ಆಚೀಚೆ ಇಲ್ಲ. ಅಂದರೆ ನಗದಾಗಿ ಕೊಟ್ಟ 2 ಲಕ್ಷವೂ ಸೇರಿ ಸಾಲ 6 ಲಕ್ಷ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ.

ಈಗ ವಾದಿಯ ಕಥೆ ತೆಗೆದುಕೊಳ್ಳಿ. 2022ರ ಆಗಸ್ಟ್‌ನಲ್ಲಿ ಹೊಸದಾಗಿ 9 ಲಕ್ಷ, 24 ಪರ್ಸೆಂಟ್. ಅದರ ಬಡ್ಡಿಯೇ ತಿಂಗಳಿಗೆ 18,000. ಹಳೇ ಸಾಲವೂ ಇದ್ದರೆ ಒಟ್ಟು 30,000. ಆದರೆ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರೂ ತಿಂಗಳು ಹೋಗಿರುವುದು ಅದೇ 12,000. ಆಗಸ್ಟ್‌ನಲ್ಲಿ 9 ಲಕ್ಷ ಕೈ ಬದಲಾಗಿದ್ದರೆ ಸೆಪ್ಟೆಂಬರ್ ಕಂತು ಹಿಂದಿನಷ್ಟೇ ಯಾಕೆ ಉಳಿಯಿತು? ಕಡಿಮೆ ಬಂತು ಅಂತ ವಾದಿ ಒಂದು ಮೆಸೇಜೂ ಯಾಕೆ ಹಾಕಲಿಲ್ಲ?

ಮಲ್ಲೇಶ್ವರದ ವಕೀಲಮ್ಮ

ಲೆಕ್ಕದ ಪುಸ್ತಕ, ನಿಮಗೆ ಬೈ ಟು ಕಾಫಿ ಅಲ್ಲ, ಫುಲ್ ಕಾಫಿ ಕೊಡಿಸಬೇಕು. ಪಾಟಿ ಸವಾಲಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

118ರ ಊಹೆಯನ್ನು ಒಡೆಯುವುದಕ್ಕೆ ಪ್ರತಿವಾದಿ ನೂರಕ್ಕೆ ನೂರು ಸಾಬೀತು ಮಾಡಬೇಕಿಲ್ಲ. ವಾದಿಯ ಕಥೆ ನಡೆದಿರುವ ಸಾಧ್ಯತೆಗಿಂತ ನಡೆಯದಿರುವ ಸಾಧ್ಯತೆ ಜಾಸ್ತಿ ಅಂತ ತೋರಿಸಿದರೆ ಸಾಕು. ನಮ್ಮ ರಾಜ್ಯದಿಂದಲೇ ಹೋದ ಬಸಲಿಂಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಅದು ಚೆಕ್ ಬೌನ್ಸ್ ಕೇಸು. ಸಾಲ ಕೊಟ್ಟೆ ಅಂದವರಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತಾ ಅನ್ನುವ ಪ್ರಶ್ನೆ ಅಲ್ಲಿ ದೊಡ್ಡದಾಯಿತು. ಇಲ್ಲೂ ಅದೇ ಕೇಳಿ: 9 ಲಕ್ಷ ನಗದು ಎಲ್ಲಿಂದ ಬಂತು? ಯಾವ ಖಾತೆಯಿಂದ ತೆಗೆದಿರಿ? ಆ ವರ್ಷದ ಐಟಿ ರಿಟರ್ನ್‌ನಲ್ಲಿ ತೋರಿಸಿದ್ದೀರಾ? ಹಳೇ ಸಾಲವೇ ತೀರದವನಿಗೆ ಮತ್ತೆ 9 ಲಕ್ಷ ಕೊಡೋಕೆ ಧೈರ್ಯ ಹೇಗೆ ಬಂತು?

ಕೊಟ್ಟು ಕೆಟ್ಟವ

ಒಂದು ನಿಮಿಷ. ಎದುರಿನ ವಕೀಲರೂ ಸುಮ್ಮನಿರುವುದಿಲ್ಲ. ‘12,000 ಹಳೇ ಸಾಲದ ಬಡ್ಡಿ, ಅದು ಬೇರೆ ಲೆಕ್ಕ. ಈ 9 ಲಕ್ಷ ಬೇರೆ ಲೆಕ್ಕ’ ಅಂತಾರೆ. ನಾನಾದರೂ ಹಾಗೇ ಹೇಳುತ್ತಿದ್ದೆ.

ಇನ್ನೊಂದು. ಲೆಕ್ಕದ ಪುಸ್ತಕದವರ ಲೆಕ್ಕ ಸರಿ ಅಂದರೆ ಭಾವ ಕೊಟ್ಟಿದ್ದೆಲ್ಲ ಬರೀ ಬಡ್ಡಿ. ಅಸಲು 6 ಲಕ್ಷ ಹಾಗೇ ನಿಂತಿದೆ. 3.6 ಬಾಕಿ ಅನ್ನುವ ಮಾತು ಎಲ್ಲಿಂದ ಬಂತು?

ಲೆಕ್ಕದ ಪುಸ್ತಕ

ನ್ಯಾಯವಾದ ಮಾತು. ನನ್ನ ಲೆಕ್ಕ ಎರಡೂ ಕಡೆಗೆ ಕೊಯ್ಯುತ್ತದೆ.

ಹಳೇ ಗುಮಾಸ್ತ

ಕಾಲಮಿತಿಯ ವಿಷಯ ಯಾರೂ ಎತ್ತಲಿಲ್ಲವಲ್ಲ! ಸಾಲದ ದಾವೆಗೆ ಮೂರು ವರ್ಷ. 2021ರ ಮಾರ್ಚ್ ಸಾಲ, 2024ರ ಮಾರ್ಚ್‌ಗೆ ಸತ್ತುಹೋಯಿತು. ಅದಕ್ಕೇ ವಾದಿ ನೋಟಿಗೆ 2022ರ ಆಗಸ್ಟ್ ಅಂತ ತಾರೀಖು ತುಂಬಿಕೊಂಡಿದ್ದಾನೆ. 2025ರ ಆಗಸ್ಟ್‌ಗೆ ಮೂರು ವರ್ಷ ಮುಗಿಯುತ್ತಿತ್ತು, ಜುಲೈನಲ್ಲಿ ದಾವೆ. ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಮಲ್ಲೇಶ್ವರದ ವಕೀಲಮ್ಮ

ಗುಮಾಸ್ತರೇ, ಕೋವಿಡ್ ಮರೆತಿರಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿ ಲೆಕ್ಕದಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶ ಮಾಡಿದೆ. ಹಾಗಾಗಿ 2021ರ ಸಾಲಕ್ಕೆ ಗಡಿಯಾರ ಶುರುವಾಗುವುದು 2022ರ ಮಾರ್ಚ್ 1ರಿಂದ. 2025ರ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಜುಲೈ ದಾವೆ ಆಗಲೂ ತಡವೇ. ಫಲಿತಾಂಶ ನೀವು ಹೇಳಿದ್ದೇ, ದಾರಿ ಬೇರೆ.

ಆದರೆ ಸಿಕ್ಕು ಇರುವುದು ಮುಂದೆ. ಲಿಮಿಟೇಷನ್ ಕಾಯ್ದೆಯ 19ನೇ ಕಲಂ: ಕಾಲಮಿತಿ ಮುಗಿಯುವ ಮುಂಚೆ ಸಾಲಗಾರ ಸ್ವಲ್ಪ ಅಸಲನ್ನೋ ಬಡ್ಡಿಯನ್ನೋ ಕೊಟ್ಟರೆ, ಕೊಟ್ಟ ದಿನದಿಂದ ಮತ್ತೆ ಮೂರು ವರ್ಷ. ಭಾವ ಕೊನೆಯದಾಗಿ ಕೊಟ್ಟಿದ್ದು 2022ರ ನವೆಂಬರ್. ಅಲ್ಲಿಂದ ಎಣಿಸಿದರೆ 2025ರ ನವೆಂಬರ್‌ವರೆಗೆ ಸಾಲಕ್ಕೆ ಜೀವ ಇದೆ. ಆದ್ದರಿಂದ ‘2.4 ಲಕ್ಷ ಕೊಟ್ಟಿದ್ದೇನೆ’ ಅನ್ನುವ ವಾದವೂ ‘ಕಾಲಮಿತಿ ಮೀರಿದೆ’ ಅನ್ನುವ ವಾದವೂ ಒಂದರ ಕಾಲನ್ನು ಒಂದು ಎಳೆಯುತ್ತವೆ.

ರಾತ್ರಿಪಾಳಿ

ಹಾಗಾದರೆ ಕೊಟ್ಟಿದ್ದನ್ನು ಹೇಳುವುದೇ ಬೇಡವಾ?! ನಿಯತ್ತಾಗಿ ಕೊಟ್ಟವನಿಗೇ ಪೆಟ್ಟು.

ಮಲ್ಲೇಶ್ವರದ ವಕೀಲಮ್ಮ

ಬ್ಯಾಂಕ್ ದಾಖಲೆ ಇರುವುದನ್ನು ಬಚ್ಚಿಡೋಕೆ ಆಗುವುದಿಲ್ಲ. 19ನೇ ಕಲಂಗೆ ಇನ್ನೊಂದು ಷರತ್ತಿದೆ: ಆ ಪಾವತಿಯ ಒಪ್ಪಿಗೆ ಕೊಟ್ಟವನ ಕೈಬರಹದಲ್ಲೋ ಸಹಿ ಇರುವ ಬರಹದಲ್ಲೋ ಇರಬೇಕು. ಚೆಕ್ಕಿನಲ್ಲಿ ಕೊಟ್ಟಿದ್ದರೆ ಅದೇ ಬರಹ. ಫೋನಿನಿಂದ ಬೇರೆಯವರ ಖಾತೆಗೆ ಹಾಕಿದ್ದು ಆ ಷರತ್ತಿಗೆ ಬರುತ್ತದಾ ಅಂತ ಎರಡೂ ಕಡೆ ವಾದ ಮಾಡಬಹುದು. ಆದರೆ ಲಿಖಿತ ಹೇಳಿಕೆಯಲ್ಲಿ ಒಂದೊಂದು ಪದವನ್ನೂ ತೂಗಿ ಬರೆಯಬೇಕು. ವಾಟ್ಸಾಪ್‌ನಲ್ಲಿ ‘ಉಳಿದದ್ದು ಮುಂದಿನ ತಿಂಗಳು ಕೊಡುತ್ತೇನೆ’ ಅಂತ ಏನಾದರೂ ಹೋಗಿದೆಯಾ?

ಪೇಟೆಹುಡುಗ

ಭಾವನ ಹಳೇ ಫೋನ್ ನೋಡಬೇಕು. ಧ್ವನಿ ಸಂದೇಶಗಳೇ ಜಾಸ್ತಿ ಅಂತಾರೆ.

ಮಲ್ಲೇಶ್ವರದ ವಕೀಲಮ್ಮ

ಏನನ್ನೂ ಅಳಿಸಬೇಡಿ. ಎದುರಿನವರ ಫೋನಿನಲ್ಲೂ ಅವು ಇರುತ್ತವೆ. ಹಳೇ ಫೋನನ್ನು ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ನನ್ನ ಕೈಗೆ ಈ ಫೈಲ್ ಬಂದರೆ ನಾನು ಹೋಗುವ ದಾರಿ ಇದು. ದಾವೆ ನಿಂತಿರುವುದು 2022ರ ಆಗಸ್ಟ್‌ನ 9 ಲಕ್ಷದ ಮೇಲೆ. ಅದು ನಡೆದೇ ಇಲ್ಲ ಅನ್ನುವುದೇ ಬೆನ್ನೆಲುಬು. ಸಹಿ ನಮ್ಮದು, 2021ರಲ್ಲಿ ಭದ್ರತೆಗೆ ಕೊಟ್ಟದ್ದು, ಆಗ ಖಾಲಿ ಇತ್ತು, ಇಬ್ಬರ ನಡುವೆ ಇದ್ದದ್ದು ಒಂದೇ ವಹಿವಾಟು. 4 ಲಕ್ಷದ ಬ್ಯಾಂಕ್ ವರ್ಗಾವಣೆಯನ್ನು ವಾದಿ ಕೋರ್ಟಿನಿಂದ ಯಾಕೆ ಮುಚ್ಚಿಟ್ಟರು ಅಂತ ಕೇಳಬೇಕು. ಆ ಮೌನಕ್ಕೆ ಅವರೇ ಉತ್ತರ ಕೊಡಬೇಕು.

2021ರ ಸಾಲವನ್ನು ವಾದಿ ಈ ದಾವೆಯಲ್ಲಿ ಕೇಳಿಯೇ ಇಲ್ಲ. ದಾವಾ ಪತ್ರದಲ್ಲಿ ಇಲ್ಲದ ಕಥೆಗೆ ಸಾಕ್ಷಿ ಹೇಳಿ ಡಿಕ್ರಿ ಪಡೆಯುವುದು ಕಷ್ಟ. ದಾರಿ ಬದಲಿಸಬೇಕಾದರೆ ದಾವಾ ಪತ್ರ ತಿದ್ದುಪಡಿಗೆ ಅರ್ಜಿ ಹಾಕಬೇಕು. ಆಗ ಕಾಲಮಿತಿಯ ಪ್ರಶ್ನೆ ಎತ್ತಬಹುದು. ಕಾಲಮಿತಿ ಮೀರಿದ ಹೊಸ ಹಕ್ಕನ್ನು ತಿದ್ದುಪಡಿಯ ಮೂಲಕ ಒಳಗೆ ತರುವುದಕ್ಕೆ ಕೋರ್ಟ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘3.6 ಬಾಕಿ ಇದೆ, ಒಪ್ಪುತ್ತೇನೆ’ ಅಂತ ಮಾತ್ರ ಅವಸರದಲ್ಲಿ ಬರೆಯಬೇಡಿ. ಒಪ್ಪಿಕೊಂಡಷ್ಟಕ್ಕೆ ಆರ್ಡರ್ 12 ರೂಲ್ 6ರಲ್ಲಿ ಅಲ್ಲಿಂದಲ್ಲಿಗೇ ತೀರ್ಪು ಕೇಳಬಹುದು.

ಕೊಟ್ಟು ಕೆಟ್ಟವ

ಅಂದರೆ ಕೊಡಬೇಕು ಅಂತ ಗೊತ್ತು, ಆದರೆ ಬರೆಯಬೇಡಿ. ಇದಕ್ಕೂ ಬೆಂಚು ಅವರ ಸಲಹೆಗೂ ಏನು ವ್ಯತ್ಯಾಸ ಮೇಡಂ?

ಮಲ್ಲೇಶ್ವರದ ವಕೀಲಮ್ಮ

ವ್ಯತ್ಯಾಸ ಇದೆ. ನಾನು ಸುಳ್ಳು ಬರೆಯಿರಿ ಅನ್ನಲಿಲ್ಲ. 6 ಲಕ್ಷ ಬಂದದ್ದು, ಕಂತು ಕಟ್ಟಿದ್ದು ಎರಡೂ ಬರೆಯಿರಿ ಅಂತಲೇ ಹೇಳಿದ್ದು. ಬಾಕಿ ಎಷ್ಟು ಅನ್ನುವುದು ಬಡ್ಡಿ ದರದ ಮೇಲೆ ನಿಂತಿದೆ, ಅದನ್ನು ಕೋರ್ಟ್ ತೀರ್ಮಾನಿಸಲಿ. ಸುಳ್ಳು ದಾವೆ ಹಾಕಿದವರ ಕೆಲಸವನ್ನು ನಾವೇ ಸುಲಭ ಮಾಡಿಕೊಡಬೇಕಾ?

ಕೊಟ್ಟು ಕೆಟ್ಟವ

ಉತ್ತರ ಬಂತು, ಒಪ್ಪಿಗೆ ಬರಲಿಲ್ಲ. ಮುಂದುವರಿಸಿ.

ಜಯನಗರ ನಾಲ್ಕನೇ ಬ್ಲಾಕ್

ನಗದು 20,000 ದಾಟಿದರೆ ಸಾಲವೇ ಅಕ್ರಮ ಅಲ್ವಾ? ಆದಾಯ ತೆರಿಗೆ ಕಾಯ್ದೆ 269ಎಸ್‌ಎಸ್. 9 ಲಕ್ಷ ನಗದು ಅಂತ ಅವರೇ ಬರೆದಿದ್ದಾರೆ. ಕೇಸ್ ಅಲ್ಲಿಗೇ ಬಿತ್ತು.

ಲೆಕ್ಕದ ಪುಸ್ತಕ

ಇದು ಎಲ್ಲರೂ ಮಾಡುವ ತಪ್ಪು. 269ಎಸ್‌ಎಸ್ ಮುರಿದರೆ ದಂಡ ಬೀಳುವುದು ನಗದು ಸಾಲ ತೆಗೆದುಕೊಂಡವರಿಗೆ, ಕೊಟ್ಟವರಿಗಲ್ಲ! ಭಾವ ‘2 ಲಕ್ಷ ನಗದು ತಗೊಂಡೆ’ ಅಂದರೆ ಆ ಮಾತು ಅವರ ತಲೆ ಮೇಲೇ ಬರಬಹುದು. ನಗದು ಅನ್ನುವ ಒಂದೇ ಕಾರಣಕ್ಕೆ ಸಾಲ ವಸೂಲಿ ಮಾಡೋಕೆ ಬರುವುದಿಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ತಳ್ಳಿಹಾಕಿದೆ.

ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಪು ಬಂತು, ನಮ್ಮ ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಸಂಸ್ಥೆಯ ಜಾಗದ ಕೇಸಿನಲ್ಲಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕೊಟ್ಟೆ ಅಂತ ಯಾರಾದರೂ ದಾವೆ ಹಾಕಿದರೆ, ಕೋರ್ಟ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ. ಅದನ್ನು ಮುಂದಿಟ್ಟು ಅರ್ಜಿ ಹಾಕಿದರೆ ವಾದಿಗೆ ಬಿಸಿ ಮುಟ್ಟುತ್ತದೆ. ಮೂಲ ತೋರಿಸೋಕೆ ಆಗದವರು ರಾಜಿಗೆ ಬೇಗ ಬರುತ್ತಾರೆ. ನಿಮ್ಮ 2 ಲಕ್ಷವೂ ಹೊರಗೆ ಬರುತ್ತದೆ ಅನ್ನುವುದು ನೆನಪಿರಲಿ.

ನಾಗರಬಾವಿ ನಾಣಿ

ಪೊಲೀಸ್ ಕಂಪ್ಲೇಂಟ್ ಕೊಡಿ ಸಾರ್. ಮೀಟರ್ ಬಡ್ಡಿ ಅಂತ.

ಹಳೇ ಗುಮಾಸ್ತ

ನಾಣಿ, ನೂರಕ್ಕೆ ಎರಡನ್ನು ಮೀಟರ್ ಬಡ್ಡಿ ಅಂದರೆ ಪೇಟೆಯಲ್ಲಿ ನಗುತ್ತಾರೆ. ಆದರೂ ಲೈಸೆನ್ಸ್ ವಿಷಯ ನೋಡುವಂಥದ್ದು. ಕರ್ನಾಟಕ ಲೇವಾದೇವಿದಾರರ ಕಾಯ್ದೆ 1961ರ ಪ್ರಕಾರ ಬಡ್ಡಿ ವ್ಯವಹಾರ ಮಾಡುವವರಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಆ ವ್ಯಾಪಾರ ಮಾಡುವವರ ದಾವೆಗೆ ಡಿಕ್ರಿ ಸಿಗುವುದು ಕಷ್ಟ. ಸರ್ಕಾರ ಹೇಳಿರುವ ದರ ಭದ್ರತೆ ಇದ್ದರೆ 14, ಇಲ್ಲದಿದ್ದರೆ 16 ಪರ್ಸೆಂಟ್. ಇವರು ಕೇಳಿರುವುದು 24.

ಪೇಚು ಏನೆಂದರೆ ಪರಿಚಯಕ್ಕೆ ಒಂದು ಸಲ ಕೊಟ್ಟವನು ಲೇವಾದೇವಿದಾರ ಆಗುವುದಿಲ್ಲ. ಅದೇ ದಂಧೆ ಅಂತ ತೋರಿಸಬೇಕು. ಇ-ಕೋರ್ಟ್ಸ್ ಸೈಟಿನಲ್ಲಿ ವಾದಿಯ ಹೆಸರು ಹಾಕಿ ಹುಡುಕಿ. ಸಿಟಿ ಸಿವಿಲ್ ಕೋರ್ಟು, ಮೇಯೋ ಹಾಲ್, ಚೆಕ್ ಬೌನ್ಸ್ ಕೋರ್ಟುಗಳು, ಎಲ್ಲಾ ನೋಡಿ. ನಾಲ್ಕಾರು ಕೇಸ್ ಕಂಡರೆ ಆ ದಾವಾ ಪತ್ರಗಳ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ.

ಪೇಟೆಹುಡುಗ

ಈಗಷ್ಟೇ ನೋಡಿದೆ. ಅದೇ ಹೆಸರು, ಅದೇ ತಂದೆ ಹೆಸರು, ಇನ್ನೂ ಕೆಲವು ಹಣದ ದಾವೆಗಳು, ಚೆಕ್ ಕೇಸುಗಳು ಇವೆ! ಒಂದರಲ್ಲಿ ಪ್ರತಿವಾದಿ ಭಾವನಿಗೆ ಗೊತ್ತಿರುವ ಬೈಂಡಿಂಗ್ ಅಂಗಡಿಯವರು.

ಬಸವನಗುಡಿ ಬೆಂಚು

ಅಯ್ಯೋ, ಸಿನಿಮಾ ಥರ ಆಯಿತಲ್ಲ. ನಾಳೆ ಬೆಳಗ್ಗೆಯೇ ಆ ಬೈಂಡಿಂಗ್ ಅಂಗಡಿಗೆ ಹೋಗಿ.

ಮಲ್ಲೇಶ್ವರದ ವಕೀಲಮ್ಮ

ಈ ಒಂದು ವಿಷಯದಲ್ಲಿ ಬೆಂಚು ಅವರ ಜೊತೆ ಇದ್ದೇನೆ. ಆ ದಾವೆಯಲ್ಲೂ ಖಾಲಿ ಪ್ರೋನೋಟು, ನಗದು, ಅದೇ ಸಾಕ್ಷಿಗಳ ಸಹಿ ಇದ್ದರೆ ಅದು ಬಂಗಾರ. ನೋಟಿನ ಮೇಲೆ ಸಾಕ್ಷಿ ಹಾಕಿದವರು ಯಾರು ನೋಡಿ.

ಪೊಲೀಸ್ ದೂರಿನ ಬಗ್ಗೆ: ದುಬಾರಿ ಬಡ್ಡಿ ತಡೆಯುವ 2004ರ ರಾಜ್ಯ ಕಾಯ್ದೆ ಇದೆ ನಿಜ. ಆದರೆ ಸಮನ್ಸ್ ಬಂದಮೇಲೆ ಕೊಡುವ ದೂರು ಸೇಡಿಗೆ ಕೊಟ್ಟ ಹಾಗೆ ಕಾಣುತ್ತದೆ. ಆ ಖಾಲಿ ಚೆಕ್ ಎರಡರ ಬಗ್ಗೆ ಮಾತ್ರ ಈಗಲೇ ವಾದಿಗೆ ನೋಟಿಸ್ ಕೊಡಿ, ಬ್ಯಾಂಕಿಗೂ ಬರೆಯಿರಿ. ‘ಸ್ಟಾಪ್ ಪೇಮೆಂಟ್’ ಮಾಡಿದರೂ 138ರ ಚೆಕ್ ಬೌನ್ಸ್ ಕೇಸ್ ತಪ್ಪುತ್ತದೆ ಅಂತಲ್ಲ, ಆದರೆ ಚೆಕ್ ಭದ್ರತೆಗೆ ಕೊಟ್ಟದ್ದು ಅಂತ ಮುಂಚೆಯೇ ಹೇಳಿದ ದಾಖಲೆ ಇರುತ್ತದೆ.

ಹೆಬ್ಬಾಳದ ಹೇಮಕ್ಕ

ಒಂದು ಭಯದ ಪ್ರಶ್ನೆ. ದುಡ್ಡು ಕಟ್ಟೋಕೆ ಆಗದಿದ್ದರೆ ಜೈಲಿಗೆ ಹಾಕುತ್ತಾರಾ? ನಮ್ಮ ಯಜಮಾನರದೂ ಒಂದು ಡಿಕ್ರಿ ಇದೆ.

ಮಲ್ಲೇಶ್ವರದ ವಕೀಲಮ್ಮ

ಬರೀ ದುಡ್ಡಿಲ್ಲ ಅನ್ನುವ ಕಾರಣಕ್ಕೆ ಹಾಕುವ ಹಾಗಿಲ್ಲ ಹೇಮಕ್ಕ. 1980ರಲ್ಲೇ ಸುಪ್ರೀಂ ಕೋರ್ಟ್ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಕೊಡುವ ಶಕ್ತಿ ಇದ್ದೂ ಬೇಕೆಂದೇ ಕೊಡದಿದ್ದರೆ ಸಿವಿಲ್ ಜೈಲು, ಅದೂ ಹೆಚ್ಚೆಂದರೆ ಮೂರು ತಿಂಗಳು. ಎಕ್ಸಿಕ್ಯೂಷನ್ (ಡಿಕ್ರಿ ವಸೂಲಿಯ) ನೋಟಿಸ್ ಬಂದರೆ ತಪ್ಪದೆ ಹಾಜರಾಗಿ, ಆದಾಯದ ವಿವರ ಕೊಡಿ. ಹೋಗದೆ ಕೂತರೆ ವಾರಂಟ್ ಬರುತ್ತದೆ.

ಹೆಬ್ಬಾಳದ ಹೇಮಕ್ಕ

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಮ್ಮ.

ಜಯನಗರ ನಾಲ್ಕನೇ ಬ್ಲಾಕ್

ನನ್ನದೂ ಒಂದು. ಚೀಟಿ ಎತ್ತಿದ್ದೆ, ಕೆಲವು ಕಂತು ಬಾಕಿ ಆಯಿತು. ಕಂಪನಿಯವರು ಸಿವಿಲ್ ಕೋರ್ಟಿಗೆ ಹಾಕುತ್ತೇವೆ ಅಂತಾರೆ.

ಹಳೇ ಗುಮಾಸ್ತ

ರಿಜಿಸ್ಟರ್ ಆದ ಚೀಟಿ ಆದರೆ ಆ ಜಗಳ ಚಿಟ್ ಫಂಡ್ಸ್ ಕಾಯ್ದೆ 1982ರ 64ನೇ ಕಲಂನಲ್ಲಿ ಚೀಟಿ ರಿಜಿಸ್ಟ್ರಾರ್ ಮುಂದೆ ಹೋಗಬೇಕು, ಸಿವಿಲ್ ಕೋರ್ಟಿಗಲ್ಲ. ಹೊಸ ಎಳೆ ಶುರು ಮಾಡಿ, ಇಲ್ಲಿ ಬೆರೆಸಬೇಡಿ.

ಕೊಟ್ಟು ಕೆಟ್ಟವ

ರಾಜಿ ಬಗ್ಗೆ ಯಾರೂ ಮಾತಾಡುತ್ತಿಲ್ಲ, ವಕೀಲರಿಗೆ ನಷ್ಟ ಅಂತನಾ? ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮಧ್ಯಸ್ಥಿಕೆ ಕೇಂದ್ರ ಇದೆ. ನನ್ನ ಕೇಸು ಕೊನೆಗೆ ಮುಗಿದದ್ದು ಅಲ್ಲೇ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ. ನನ್ನ ಸ್ನೇಹಿತ ಅಲ್ಲಿ ಮೊದಲ ಸಲ ‘ತಗೊಂಡಿದ್ದೆ ಕಣೋ’ ಅಂದ.

ಮಲ್ಲೇಶ್ವರದ ವಕೀಲಮ್ಮ

ಇದಕ್ಕೆ ಪೂರ್ತಿ ಒಪ್ಪಿಗೆ. ಭಾವ ‘ಇಷ್ಟು ಕೊಡುತ್ತೇನೆ’ ಅಂತ ಹೇಳಬೇಕಾದ ಜಾಗ ಅದು. ಆದರೆ ಲಿಖಿತ ಹೇಳಿಕೆ ಗಟ್ಟಿಯಾಗಿ ದಾಖಲಾದಮೇಲೆ ಹೋಗಿ. ಬರಿಗೈಲಿ ಹೋದರೆ 9 ಲಕ್ಷದಿಂದ ಮಾತು ಶುರುವಾಗುತ್ತದೆ. ಸ್ಟೇಟ್‌ಮೆಂಟ್, ಬೇರೆ ದಾವೆಗಳ ಕಾಪಿ ಕೈಯಲ್ಲಿದ್ದರೆ 6ರಿಂದ ಕೆಳಗೆ ಶುರುವಾಗುತ್ತದೆ. ಲೋಕ್ ಅದಾಲತ್‌ನಲ್ಲಿ ಮುಗಿಸಿದರೆ ವಾದಿಗೆ ಕಟ್ಟಿದ ಕೋರ್ಟ್ ಫೀಸೂ ವಾಪಸ್, ಅದೂ ಒಂದು ಆಸೆ.

ದುಡ್ಡು ಕೈಯಲ್ಲಿದ್ದರೆ ಆರ್ಡರ್ 24ರಲ್ಲಿ ಇನ್ನೊಂದು ದಾರಿ ಇದೆ. ನ್ಯಾಯವಾಗಿ ಬರಬೇಕಾದದ್ದು ಇಷ್ಟು ಅಂತ ಕೋರ್ಟಿನಲ್ಲಿ ಠೇವಣಿ ಇಟ್ಟು ವಾದಿಗೆ ನೋಟಿಸ್ ಕೊಟ್ಟರೆ, ಅಷ್ಟು ಹಣಕ್ಕೆ ಅಲ್ಲಿಂದ ಮುಂದೆ ಬಡ್ಡಿ ಓಡುವುದಿಲ್ಲ. ವಕೀಲರೂ ಇದನ್ನು ಬಳಸುವುದು ಕಡಿಮೆ. ಆದರೆ ಠೇವಣಿ ಇಟ್ಟರೆ ಆಮೇಲೆ ಕಾಲಮಿತಿ ಅಂತ ಮಾತಾಡೋಕೆ ಬರುವುದಿಲ್ಲ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿ.

ಬಸವನಗುಡಿ ಬೆಂಚು

ನಾನು ಈಗಲೂ ಹೇಳುತ್ತೇನೆ, ಎಳೆಯಿರಿ. ವಾದಿಗೂ ವಯಸ್ಸಾಗುತ್ತದೆ.

ರಾತ್ರಿಪಾಳಿ

ಭಾವನಿಗೂ ಆಗುತ್ತದೆ ಗುರೂ.

ಪೇಟೆಹುಡುಗ

ಭಾವನಿಗೆ ಎಲ್ಲಾ ಓದಿ ಹೇಳಿದೆ. ‘ಸಹಿ ನನ್ನದಲ್ಲ’ ಅಂದ ವಕೀಲರನ್ನು ಬಿಟ್ಟು ಇನ್ನೊಬ್ಬರಿಗೆ ವಕಾಲತ್ತು ಕೊಡುತ್ತಿದ್ದಾರೆ. ಕಾಲಮಿತಿ ವಾದ ಬೇಕಾ, ಠೇವಣಿನಾ ಅಂತ ಇನ್ನೂ ಜಗಳ ನಡೆಯುತ್ತಿದೆ. ಅಕ್ಕ ಠೇವಣಿ ಇಟ್ಟು ಮುಗಿಸಿ ಅಂತಾಳೆ. ಭಾವ ಬೈಂಡಿಂಗ್ ಅಂಗಡಿಯವರನ್ನು ಕಂಡ ಮೇಲೆ ನೋಡೋಣ ಅಂತಾರೆ. ಸ್ಟೇಟ್‌ಮೆಂಟ್ ಮೊಬೈಲ್ ಆ್ಯಪ್‌ನಿಂದ ತೆಗೆದದ್ದು ಸಾಕಾ?

ಲೆಕ್ಕದ ಪುಸ್ತಕ

ಸಾಕಾಗುವುದಿಲ್ಲ. ಬ್ಯಾಂಕಿಗೆ ಹೋಗಿ ಸೀಲ್, ಸಹಿ, ಜೊತೆಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಕೇಳಿ. 2021ರ ಮಾರ್ಚ್‌ನಿಂದ ಪೂರ್ತಿ ತೆಗೆಸಿ, ಬರೀ ನಿಮಗೆ ಬೇಕಾದ ಪುಟ ಅಲ್ಲ.

ಪೇಟೆಹುಡುಗ

ಸರಿ ಸಾರ್. ಈ ಶನಿವಾರ ಭಾವನಿಗೆ ಬಿಡುವಿದೆ, ಆವತ್ತೇ ಹೋಗುತ್ತೇವೆ.

ರಾತ್ರಿಪಾಳಿ

ಈ ಶನಿವಾರ ಎರಡನೇ ಶನಿವಾರ. ಬ್ಯಾಂಕ್ ಇಲ್ಲ. ಶುಕ್ರವಾರವೇ ಹೋಗಿ.